ಬಾಣಂತನಕ್ಕೆ ಆರು ಬಾಟ್ಲಿ ವೈನು

ಆರು ಬಾಟ್ಲಿ ಕೆಂಪು ವೈನಿಗೆ ನಾನು ತೆತ್ತದ್ದು ಆರು ಸೇರು ತುಪ್ಪ. ಅದೂ ಎಂಥ ತುಪ್ಪ! ಹನಕೆರೆ ಸುತ್ತಿನ ಹಳ್ಳಿಗಳಲ್ಲಿ ನಾನೇ ನಿಂತು ತೂಗಿಸಿ ತಂದ ಬೆಣ್ಣೆ, ನಾನೇ ಕಾಯಿಸಿ, ವೀಳ್ಯದೆಲೆ ಹಾಕಿ ಇಳಿಸಿದ್ದು. ಆರಿದ ಮೇಲೆ ಮರಳು ಮರಳಾಗಿ ಕೂತಿತ್ತು. ಯುದ್ಧದ ಕಾಲ ಅದು. ಅಕ್ಕಿ, ಸೀಮೆಎಣ್ಣೆ, ಬಟ್ಟೆ, ಎಲ್ಲದಕ್ಕೂ ಸಾಲು ನಿಲ್ಲಬೇಕು. ತುಪ್ಪಕ್ಕೆ ಮಾತ್ರ ನಾನು ಹೇಳಿದ್ದೇ ದರ. ಅಂಥದ್ದರಲ್ಲಿ ಆರು ಸೇರನ್ನು ಒಬ್ಬ ಅಡುಗೆಯವನ ಡಬ್ಬಕ್ಕೆ ಸುರಿದು ಬಂದೆ ಅಂದರೆ ಕೇಳಿದವರು ನನಗೆ ತಲೆ ಕೆಟ್ಟಿತ್ತು ಅಂದುಕೊಳ್ಳಬೇಕು. ಕೆಟ್ಟಿರಲಿಲ್ಲ. ಲೆಕ್ಕ ಹಾಕಿಯೇ ಕೊಂಡದ್ದು.

ಒಂದು ಬಾಟ್ಲಿ ನನಗೆ. ಆಗ ನಾನು ಆರು ತಿಂಗಳ ಬಸುರಿ. ಮಂಡ್ಯದ ಲೇಡಿ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ರಕ್ತವೇ ಇಲ್ಲವಲ್ಲ. ಹೆರಿಗೆಯಾದ ಮೇಲೆ ಊಟದ ಜೊತೆ ಎರಡು ಚಮಚ ವೈನು ತಗೋ” ಅಂದಿದ್ದರು. ಆಗಿನ ವೈದ್ಯ ಹಾಗಿತ್ತು. ಅದಕ್ಕೆ ಒಂದು ಬಾಟ್ಲಿ ಧಾರಾಳ ಸಾಕು. ಮಿಕ್ಕ ಐದು ನನ್ನ ಸೋದರತ್ತೆಗೆ. ಅಪ್ಪನ ತಂಗಿ ಅವಳು. ಬಾಣಂತನ ಮಾಡೋಕೆ ಬರುವ ಅವಳನ್ನು ಆದಷ್ಟು ದಿನ ನನ್ನ ಮನೆಯಲ್ಲೇ ನಿಲ್ಲಿಸಿಕೊಳ್ಳಬೇಕು ಅನ್ನುವುದೊಂದೇ ನನ್ನ ಆಸೆ.

ನನಗೆ ತವರು ಅಂತ ಇರಲಿಲ್ಲ. ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದರು. ಆಮೇಲೆ ನೆಂಟರ ಮನೆಗಳಲ್ಲಿ ಕೈಯಿಂದ ಕೈಗೆ ದಾಟಿಕೊಂಡು ಬೆಳೆದೆ. ಅದರಲ್ಲಿ ಎರಡು ಮಳೆಗಾಲ ಮಳವಳ್ಳಿ ಕಡೆಯ ಈ ಅತ್ತೆಯ ಮನೆಯಲ್ಲಿದ್ದೆ. ಗಂಡನ ಕಡೆಗೂ ಹಿರಿ ಹೆಂಗಸರಿಲ್ಲ. ನಮ್ಮ ಮನೆಯವರು ಲಾರಿ ಡ್ರೈವರು. ಸಂಬಳ ಜಾಸ್ತಿ ಅಂತ ಮಿಲಿಟರಿ ಸೇರಿ ಅಸ್ಸಾಮಿನ ಕಡೆಗೆ ಹೋಗಿದ್ದರು. ಮಂಡ್ಯದಲ್ಲಿ ಒಂದು ವಠಾರದ ಕೊನೇ ಮನೆ ನನ್ನದು. ಒಂದು ರೂಮು, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಬೆಳಿಗ್ಗೆ ಬೆಣ್ಣೆಗೆ ಹೋಗಿ, ಮಧ್ಯಾಹ್ನ ಕಾಯಿಸಿ, ಸಂಜೆ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮಾರಿ ಬಂದರೆ ಅವತ್ತಿನ ಮಾತು ಮುಗಿಯಿತು. ದಿನವಿಡೀ ನಾನು ಆಡುತ್ತಿದ್ದದ್ದೆಲ್ಲ ದರದ ಮಾತೇ. ಬಾಗಿಲು ಹಾಕಿ ಒಬ್ಬಳೇ ಉಣ್ಣಲು ಕೂತಾಗ, ಸಾರು ಚೆನ್ನಾಗಿದೆ ಅಂತ ಹೇಳೋಕೂ ಎದುರಿಗೆ ಒಂದು ಮುಖ ಇರುತ್ತಿರಲಿಲ್ಲ. ವಠಾರದ ಹೆಂಗಸರು ಕೆಟ್ಟವರಲ್ಲ. ಆದರೆ ನಾನು ಬಂದರೆ ವ್ಯಾಪಾರಕ್ಕೆ ಬಂದೆ ಅಂತಲೇ ತಿಳಿದು, “ಈ ವಾರ ಬೇಡ ಕಣಮ್ಮ” ಅಂದುಬಿಡುತ್ತಿದ್ದರು. ಸುಮ್ಮನೆ ಬಂದೆ ಅಂದರೆ ನಂಬುತ್ತಿರಲಿಲ್ಲ.

ಹಾಗಾಗಿ ಮಗುವಿಗಿಂತ ಮೊದಲು ನಾನು ಎದುರುನೋಡಿದ್ದು ಅತ್ತೆಯನ್ನು.

ಹೋಗಿ ಕರೆದೆ. ಅವಳು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಡದೆಯೇ ನನ್ನ ಹೊಟ್ಟೆ ನೋಡಿದಳು.

“ಏನಮ್ಮಿ, ಬಸ್ಸಲ್ ಬಂದ್ಯಾ? ಈ ಒಟ್ಟೆ ಒತ್ಕೊಂಡು ಆ ಕುಲುಕಾಟ್ದಲ್ಲಿ? ಬುದ್ಧಿ ಬೆಣ್ಣೆ ಜೊತೆ ಮಾರ್ಕಂಡ್ಯಾ?”

“ನೀನು ಬರಲ್ಲ ಅಂದ್ರೆ ನಾನೇ ಬರಬೇಕಲ್ಲ ಅತ್ತೆ.”

“ನಾನ್ಯಾವಾಗ ಬರಾಕಿಲ್ಲ ಅಂದೆ? ಬತ್ತೀನಿ. ಬಾಣಂತಿಗೆ ನೀರುಯ್ಯಕೆ ನಾನಲ್ದೆ ಇನ್ಯಾರವ್ರೆ ನಿಂಗೆ?” ಮೊರ ಕೊಡವಿ, ಕಾಳು ಆರಿಸುತ್ತಾ ಕೇಳಿದಳು: “ಎಷ್ಟ್ ದಿನ ಇರ್ಬೇಕು, ಯೋಳು.”

ಈ ಮಾತಿಗೆ ನಾನು ಏನು ಹೇಳಬೇಕಿತ್ತು ಅನ್ನುವುದು ಈಗ ಗೊತ್ತು. ಆಗ ನನ್ನ ಬಾಯಿಗೆ ಬಂದದ್ದು ಸಂತೆಯ ಬುದ್ಧಿ. ಬೆಣ್ಣೆ ಕೊಳ್ಳುವಾಗ ಮೊದಲು ದರ ಹೇಳಿದವಳು ಸೋತಳು ಅಂತಲೇ ಲೆಕ್ಕ. ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು. ಹತ್ತು ವರ್ಷ ಅದನ್ನೇ ರೂಢಿ ಮಾಡಿಕೊಂಡಿದ್ದೆ.

“ನಿನಗೆ ಆದಷ್ಟು ದಿನ ಇರು ಅತ್ತೆ. ನಂದೇನು ಬಲವಂತ ಇಲ್ಲ” ಅಂದೆ.

ಅವಳು “ಆಗ್ಲಿ ಬುಡು” ಅಂದು ಮತ್ತೆ ಕೇರತೊಡಗಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಆದಷ್ಟು ಅಂದರೆ ಎಷ್ಟು? ಹೆಸರಿಡೋ ಶಾಸ್ತ್ರ ಮುಗಿಸಿ ಹೊರಟುಬಿಟ್ಟರೆ? ಅವಳನ್ನು ನಿಲ್ಲಿಸುವುದು ಏನಿದೆ ನನ್ನ ಹತ್ತಿರ? ಸೀರೆ ಕೊಟ್ಟರೆ ಕೊಟ್ಟ ದಿನವೇ ಗಂಟು ಕಟ್ಟಿ ಹೊರಡಬಹುದು. ದುಡ್ಡು ಕೊಟ್ಟರೆ ಮುಖಕ್ಕೆ ಎಸೆಯುತ್ತಾಳೆ. ಆಗ ಚಿಕ್ಕಂದು ನೆನಪಾಯಿತು. ಅವಳ ಮನೆಯಲ್ಲಿದ್ದಾಗ ಸಂಜೆ ಹೊತ್ತು ಮಾವ ತಂದ ಹೆಂಡದಲ್ಲಿ ಒಂದು ಸಣ್ಣ ಲೋಟ ಅವಳಿಗೂ ಬರುತ್ತಿತ್ತು. ಅದು ಒಳಗೆ ಹೋದ ಮೇಲೆ ಅತ್ತೆಯ ನಾಲಿಗೆ ಮೆತ್ತಗಾಗುತ್ತಿತ್ತು. ಗೋಡೆಗೆ ಒರಗಿ, ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡು, ಹೇನು ನೋಡುತ್ತಾ, ನಮ್ಮಪ್ಪ ಹುಡುಗನಾಗಿದ್ದಾಗಿನ ಕತೆ ಹೇಳುತ್ತಿದ್ದಳು. ಅಪ್ಪನನ್ನು ನಾನು ಬಲ್ಲದ್ದೆಲ್ಲ ಆ ಲೋಟದ ಕೃಪೆ.

ಮಾವ ಸತ್ತು ವರ್ಷಗಳಾಗಿದ್ದವು. ತರುವವರಿಲ್ಲ. ನಾನು ತಂದಿಟ್ಟರೆ?

ಹೆಂಡ ಒಂದು ದಿನಕ್ಕೆ ಹುಳಿಯಾಗುತ್ತದೆ, ಕೂಡಿಡುವ ವಸ್ತುವಲ್ಲ. ಸಾರಾಯಿ ಅಂಗಡಿಗೆ ನಾನು ಹೋಗುವ ಹಾಗಿಲ್ಲ. ವೈನಾದರೆ ಡಾಕ್ಟರೇ ಹೇಳಿದ ಔಷಧಿ, ಮಾನಕ್ಕೆ ಕುಂದಿಲ್ಲ. ಸಂಜೆಗೆ ಒಂದು ಸಣ್ಣ ಲೋಟದಂತೆ ಹಿಡಿದರೆ ಬಾಟ್ಲಿಗೆ ಒಂದು ವಾರ, ಕೈ ಬಿಗಿ ಹಿಡಿದರೆ ಹತ್ತು ದಿನ. ಐದು ಬಾಟ್ಲಿಗೆ ಬಾಣಂತನ ಕಳೆಯುತ್ತದೆ. ಬೆಲ್ಲದ ನೀರು ಒಂದಿಷ್ಟು ಬೆರೆಸಿದರೆ ಗೌರಿ ಹಬ್ಬದವರೆಗೂ ಎಳೆಯಬಹುದು. ಅಷ್ಟು ಹೊತ್ತಿಗೆ ಮಗು ನಗುತ್ತದೆ. ನಗುವ ಮಗುವನ್ನು ಬಿಟ್ಟು ಯಾವ ಹೆಂಗಸು ಹೊರಡುತ್ತಾಳೆ? ಇದು ನನ್ನ ಲೆಕ್ಕ.

ಕ್ವಾರ್ಟರ್ಸಿನಲ್ಲಿ ಒಬ್ಬ ಪರದೇಶದ ಇಂಜಿನಿಯರು ವರ್ಗವಾಗಿ ಮನೆ ಖಾಲಿ ಮಾಡುತ್ತಿದ್ದರು. ಕುರ್ಚಿ, ಮಂಚ, ಪಿಂಗಾಣಿ ಎಲ್ಲವನ್ನೂ ಮಾರಲು ಅಡುಗೆಯವನಿಗೆ ಒಪ್ಪಿಸಿದ್ದರು. ಬೆಂಗಳೂರು ದಂಡಿನ ಕಡೆಯ ಮನುಷ್ಯ ಅವನು, ನನ್ನ ಹಳೇ ಗಿರಾಕಿ. ಬಾಟ್ಲಿಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿದ್ದ.

“ಆರೂ ಬೇಕೇನಮ್ಮ? ಈ ಸ್ಥಿತಿಯಲ್ಲಿ?” ಅಂತ ನನ್ನ ಹೊಟ್ಟೆ ನೋಡಿ ನಕ್ಕ. “ಒಳಗಿರೋದು ಮಗೂನೋ, ಮಿಲಿಟರಿ ಸೋಲ್ಜರೋ?”

“ಸೋಲ್ಜರನ ಮಗು. ದರ ಹೇಳಪ್ಪ.”

“ಬಾಟ್ಲಿಗೆ ಎರಡು ಸೇರು.”

“ಎರಡು ಸೇರಿಗೆ ಬಾಟ್ಲಿ ಜೊತೆ ನೀನೂ ಬರ್ತೀಯಾ, ಪಾತ್ರೆ ತೊಳೆಯೋಕೆ?”

ಕೊನೆಗೆ ಬಾಟ್ಲಿಗೆ ಒಂದು ಸೇರಿಗೆ ಬಂದು ನಿಂತ. ಆದರೆ ನಾನು ಮುಚ್ಚಿದ ಮಾಲು ಕೊಳ್ಳುವವಳಲ್ಲ. ಬೆಣ್ಣೆಯ ಒಳಗೆ ಆಲೂಗಡ್ಡೆ ಕಿವುಚಿ ತುಂಬಿದ್ದನ್ನು ಕಂಡವಳು ನಾನು. ಬೆಣ್ಣೆ ಮುದ್ದೆಯನ್ನು ಮಧ್ಯಕ್ಕೆ ಸೀಳಿಸಿ, ಅಂಗೈ ಮೇಲೆ ಉಜ್ಜಿ, ಮೂಸಿ ನೋಡದೆ ಕಾಸು ಬಿಚ್ಚುತ್ತಿರಲಿಲ್ಲ.

“ಬಿರಡೆ ತೆಗಿ” ಅಂದೆ.

“ತೆಗೀಬಾರದಮ್ಮ. ಗಾಳಿ ಒಳಗೆ ಹೋದರೆ ಕೆಡುತ್ತೆ.”

“ಕೆಡೋ ಮಾಲು ಮಾರೋರೆಲ್ಲ ಹೀಗೇ ಹೇಳೋದು. ತೆಗಿ, ಆರನ್ನೂ ತೆಗಿ.”

ಅವನು ಹಣೆ ಚಚ್ಚಿಕೊಂಡ. ನಾನು ಹೊರಡುವವಳ ಹಾಗೆ ತುಪ್ಪದ ಡಬ್ಬ ಎತ್ತಿದೆ. ತೆಗೆದ. ಒಂದೊಂದರಿಂದಲೂ ಹನಿ ಅಂಗೈಗೆ ಹಾಕಿಸಿಕೊಂಡು ಉಜ್ಜಿದೆ, ಮೂಸಿದೆ, ನಾಲಿಗೆಗೆ ಇಟ್ಟೆ. ಆರೂ ಒಂದೇ ವಾಸನೆ, ಕಲಬೆರಕೆ ಇಲ್ಲ. ಬಿರಡೆಗಳನ್ನು ನಾನೇ ಗುದ್ದಿ ಮುಚ್ಚಿದೆ. ಮೋಸ ಹೋಗಲಿಲ್ಲ ಅನ್ನುವ ಸಮಾಧಾನದಲ್ಲಿ ಮನೆಗೆ ಬಂದೆ.

ಇಡುವುದು ಎಲ್ಲಿ? ಬಾಣಂತಿಯ ಸಾಮಾನಿಗೆ ಥಂಡಿ ತಗುಲಬಾರದು ಅಂತ ನಮ್ಮ ಕಡೆ ಎಲ್ಲರೂ ಬಲ್ಲರು. ಬಾಣಂತಿಯ ಬಟ್ಟೆ ಬೆಚ್ಚಗಿರಬೇಕು, ನೀರು ಬೆಚ್ಚಗಿರಬೇಕು, ಮೆಣಸು ಬೆಳ್ಳುಳ್ಳಿಯ ಮಡಕೆ ಒಲೆಯ ಹತ್ತಿರವೇ ಇರಬೇಕು. ನಾನು ಆರು ಬಾಟ್ಲಿಯನ್ನೂ ಹಳೇ ಸೀರೆಯಲ್ಲಿ ಸುತ್ತಿ, ಬಚ್ಚಲ ಹಂಡೆಯ ಒಲೆಗೆ ಅಂಟಿದ ಗೋಡೆಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಚೈತ್ರ ವೈಶಾಖದ ಬಿಸಿಲು ಹೊರಗೆ, ಒಲೆಯ ಕಾವು ಒಳಗೆ. ಆಗಾಗ ಬಿರಡೆ ಮೇಲೆದ್ದಿರುತ್ತಿತ್ತು, ಒತ್ತಿ ಕೂರಿಸುತ್ತಿದ್ದೆ. ದೋಸೆ ಹಿಟ್ಟು ಉಬ್ಬಿದರೆ ಒಳ್ಳೆಯದೇ ಅಲ್ಲವೇ ಅಂದುಕೊಂಡೆ. ರಾತ್ರಿ ಒಬ್ಬಳೇ ಮಲಗಿದಾಗ ಆ ಗೂಡನ್ನು ನೆನೆದರೆ, ಮನೆಗೆ ಯಾರೋ ಬಂದು ಉಳಿದುಕೊಂಡ ಹಾಗೆ ಒಂದು ಧೈರ್ಯ.

ಅತ್ತೆ ಬಂದಳು. ಮುಂಗಾರು ಹಿಡಿಯುವ ಹೊತ್ತಿಗೆ ಗಂಡುಮಗು ಹುಟ್ಟಿತು. ಆ ದಿನಗಳನ್ನು ಬರೆಯಹೊರಟರೆ ನನ್ನ ಕೈ ನಿಧಾನವಾಗುತ್ತದೆ. ಬೆಳಿಗ್ಗೆ ಎಬ್ಬಿಸಿ ಎಣ್ಣೆ ಹಚ್ಚುವಳು. ಹಂಡೆ ನೀರನ್ನು ಬೆನ್ನಿಗೆ ಹುಯ್ದು ಹುಯ್ದು, “ಅಳ್ಬೇಡ ಕಣಮ್ಮಿ, ಈಗ ಬುಟ್ರೆ ಮುಪ್ಪಲ್ಲಿ ಸೊಂಟ ನಿಂತ್ಕಳಲ್ಲ” ಅನ್ನುವಳು. ಕೂದಲಿಗೆ ಸಾಂಬ್ರಾಣಿ ಹೊಗೆ ಹಾಕಿ ತಲೆಗೆ ಬಟ್ಟೆ ಬಿಗಿಯುವಳು. ಅವಳು ಪಾತ್ರೆ ಎತ್ತಿಡುವ ಸದ್ದು ಒಂದು ಸಾಕಿತ್ತು ನನಗೆ. ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅಂತ ಗೋಡೆಗೂ ಗೊತ್ತಾಗುವಂಥ ಸದ್ದು.

ನಾನು ಎದ್ದು ಕೂರುವ ಹಾಗಾದ ಮೇಲೆ ಒಂದು ಸಂಜೆ ಹೇಳಿದೆ: “ಅತ್ತೆ, ಬಚ್ಚಲ ಗೂಡಲ್ಲಿ ವೈನದೆ. ಡಾಕ್ಟ್ರು ಹೇಳಿದ್ದು. ನನಗೆ ಎರಡು ಚಮಚ ಕೊಟ್ಟು ನೀನೂ ಒಂದು ಲೋಟ ತಗೋ.”

ಅವಳು ಹೋಗಿ ಸೀರೆ ಬಿಚ್ಚಿದಳು. “ಇದೇನಮ್ಮಿ, ಆರವೆ! ಬಾಣಂತನ ಮಾಡ್ತಿದ್ದೀನಾ, ಇಲ್ಲ ಅಂಗ್ಡಿ ಇಟ್ಟಿದ್ದೀನಾ?” ಅಂತ ನಗುತ್ತಲೇ ಒಂದನ್ನು ಬಿಚ್ಚಿ ಲೋಟಕ್ಕೆ ಬಗ್ಗಿಸಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಬಚ್ಚಲಿಗೆ ಓಡಿ ಉಗಿದಳು.

“ಥೂ! ಹುಣಿಸೆಹಣ್ಣಿನ ಗೊಜ್ಜು ಕಣಮ್ಮಿ ಇದು! ನನ್ನ ಹಲ್ಲೆಲ್ಲ ಜುಂ ಅಂತದೆ. ಆ ಡಾಕ್ಟ್ರಮ್ಮಂಗೆ ನೀನೇನ್ ದ್ರೋಹ ಮಾಡಿದ್ದೆ?”

ಇನ್ನೊಂದು ಬಿಚ್ಚಿಸಿದೆ. ಅದೂ ಹುಳಿ. ಆರೂ ಹುಳಿ. ಆರು ಸೇರು ತುಪ್ಪ ಕಣ್ಣ ಮುಂದೆ ಹರಿದುಹೋಯಿತು. ಆದರೆ ಆ ಗಳಿಗೆಯಲ್ಲಿ ನನಗೆ ಹತ್ತಿದ ಹೆದರಿಕೆ ತುಪ್ಪದ್ದಲ್ಲ. ಇನ್ನು ಇವಳನ್ನು ಹಿಡಿದಿಡುವುದು ಏನಿದೆ?

ಅತ್ತೆ ದಂಡ ಮಾಡುವ ಹೆಂಗಸಲ್ಲ. ಮಾರನೇ ದಿನ ಆ ವೈನು ಹಾಕಿ ನನ್ನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಉಜ್ಜಿದಳು. ಎಂದೂ ಹಾಗೆ ಹೊಳೆದಿರಲಿಲ್ಲ. “ನೋಡು, ದೊರೆ ಕುಡಿಯೋದ್ರಲ್ಲಿ ನಿನ್ನ ಚೊಂಬು ಮುಖ ತೊಳ್ಕಂತು” ಅಂದಳು. ಸಂಜೆ ಲೋಟವಿಲ್ಲದೆಯೇ ಗೋಡೆಗೆ ಒರಗಿ ಕೂತಳು. ಮಗುವನ್ನು ಕಾಲ ಮೇಲೆ ಹಾಕಿಕೊಂಡು, ನಮ್ಮಪ್ಪ ಚಿಕ್ಕವನಿದ್ದಾಗ ಎಮ್ಮೆಯ ಬಾಲ ಹಿಡಿದು ಕೆರೆ ದಾಟಿದ ಕತೆ ಹೇಳಿದಳು. ಕತೆಗೆ ಲೋಟ ಬೇಕಾಗಿಯೇ ಇರಲಿಲ್ಲ.

ಶ್ರಾವಣ ಕಾಲಿಟ್ಟಿತು. ಅತ್ತೆ ಆಗಾಗ ಹೊಸ್ತಿಲಿಗೆ ಬಂದು ಮಳವಳ್ಳಿ ದಿಕ್ಕಿನ ಮೋಡ ನೋಡುತ್ತಿದ್ದಳು. ಕೆಳಗಿನ ಗದ್ದೆಗಳಿಗೂ ನಾಲೆ ನೀರು ಹರಿಯಿತಂತಾ ಅಂತ ದಾರಿಯಲ್ಲಿ ಹೋಗುವವರನ್ನು ಕೇಳುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಅವಳು ಹೊರಡುತ್ತೀನಿ ಅನ್ನಲಿ, ಆಗ ನೋಡೋಣ ಅಂತ ನಾನು. ಇವಳು ಇರು ಅನ್ನಲಿ ಅಂತ ಅವಳೂ ಕಾದಳೋ ಏನೋ, ಕೇಳಿ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಮಗುವಿಗೆ ನೀರು ಹಾಕಿ ಮಲಗಿಸಿ, ಗಂಟು ಕಟ್ಟಿದಳು.

“ಇನ್ ನೀನೇ ನೋಡ್ಕಂತೀಯ. ನಿನ್ ಮೈಯಾಗೂ ಕಸುವು ಬಂದದೆ.”

“ಹೂಂ ಅತ್ತೆ” ಅಂದೆ. ಮಗುವನ್ನು ಎತ್ತಿಕೊಂಡು ಬಸ್ಸಿನವರೆಗೆ ಹೋದೆ.

ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಲು ಉರಿಸುವ ಉದ್ದನೆಯ ಡ್ರಮ್ಮು ಕಟ್ಟಿರುತ್ತಿದ್ದರು. ಗ್ಯಾಸು ಹಿಡಿಯುವ ತನಕ ಕ್ಲೀನರು ಪಂಖದ ಹಿಡಿ ತಿರುಗಿಸುತ್ತಲೇ ಇರಬೇಕು. ಅವತ್ತು ಇದ್ದಲು ಹಸಿಯಾಗಿ ಬರೀ ಹೊಗೆ. ಅತ್ತೆ ಕಿಟಕಿಯ ಪಕ್ಕ ಕೂತಿದ್ದಳು, ನಾನು ಕೆಳಗೆ ನಿಂತಿದ್ದೆ. ಬಸ್ಸು ಹೊರಡದೆ ಹೋಗಲಿ ಅಂತ ಬೇಡಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ. ಕ್ಲೀನರು ಸುಸ್ತಾಗಿ ಕೂತು ಬೀಡಿ ಹಚ್ಚಿದ. ಆಗ ನಾನು ಬಾಯಿ ಬಿಟ್ಟೆ.

“ಅತ್ತೆ, ಇಳಿದುಬಿಡು. ಗೌರಿ ಹಬ್ಬದ ತನಕ ಇರು. ಒಬ್ಬಳಿಗೇ ಆಗಲ್ಲ ನನಗೆ.”

ಅವಳು ತಲೆ ಹೊರಗೆ ಹಾಕಿದಳು. ಕೋಪ ಬಂದಿತ್ತು. “ಈಗ ಯೋಳ್ತೀಯಾ? ಬಸ್ಸತ್ತಿದ್ ಮ್ಯಾಕೆ? ಅವತ್ತು ಬಾಯ್ ಬುಟ್ಟು ಕೇಳ್ದೆ, ಎಷ್ಟ್ ದಿನ ಇರ್ಬೇಕು ಅಂತ. ಬಲವಂತ ಇಲ್ಲ ಅಂದೆ. ನೀನು ದಿನ ಯೋಳಿದ್ರೆ ಅಷ್ಟಕ್ಕೆ ಒಪ್ಪಂದ ಮಾಡ್ಕಂಡು ಬತ್ತಿದ್ದೆ.”

“ಯಾರ ಹತ್ರ ಒಪ್ಪಂದ?”

“ಕೇರಿ ಎಂಗಸ್ರತ್ರ! ನಾನ್ ಇಲ್ಲಿ ನಿಂಗೆ ನೀರುಯ್ಯೋವಾಗ ನನ್ ಗದ್ದೆ ಗೇಯ್ದೋರು ಯಾರು ಅನ್ಕಂಡಿದ್ದೀಯ? ಸಸಿಗೆ ಒಟ್ಲು ಹಾಕವ್ರೆ, ನಾಟಿ ಮಾಡವ್ರೆ, ರಾಗಿ ಕಳೆ ಕಿತ್ತವ್ರೆ. ಎಲ್ಲಾ ಮುಯ್ಯಾಳು. ಈಗ ಅವ್ರ ಗದ್ದೆ ನಾಟಿ. ಒಬ್ಬೊಬ್ರಿಗೂ ತೀರುಸ್ಬೇಕು.”

ಮುಯ್ಯಾಳು ಅಂದರೆ ನಮ್ಮ ಕಡೆ ಕೂಲಿ ಅಲ್ಲ. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೀನಿ ಅನ್ನುವ ಮಾತು. ನನ್ನ ಹತ್ತಿರ ಅತ್ತೆ ಕಳೆದ ಒಂದೊಂದು ದಿನಕ್ಕೂ ಅಲ್ಲಿ ಒಬ್ಬ ಹೆಂಗಸು ಅವಳ ಬದಲು ಕೆಸರಿನಲ್ಲಿ ಬಗ್ಗಿದ್ದಳು. ಇದೊಂದನ್ನೂ ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ.

“ನಿನ್ನ ಬದಲು ಆಳಿಡು ಅತ್ತೆ. ಎಷ್ಟು ಜನ ಬೇಕಾದರೂ ಇಡು. ಕೂಲಿ ನಾನು ಕೊಡ್ತೀನಿ. ತುಪ್ಪ ಮಾರಿ ಕೊಡ್ತೀನಿ.”

“ಕೂಲಿ ಎಸೆದು ಕೈ ತೊಳ್ಕಂಡ್ರೆ, ಮುಂದ್ಲ ವರ್ಸ ನನ್ ಗದ್ದೆಗೆ ಯಾರಮ್ಮಿ ಬತ್ತಾರೆ? ‘ದುಡ್ಡಿನೋಳು, ಆಳಿಟ್ಕಳ್ಳಿ’ ಅಂತಾರೆ. ನಾನಲ್ಲೇ ಬಾಳ್ಬೇಕಲ್ವಾ?” ಆಮೇಲೆ ದನಿ ಇಳಿಯಿತು. ಕಿಟಕಿಯಿಂದ ಕೈ ಚಾಚಿ ಮಗುವಿನ ಅಂಗಾಲು ಹಿಡಿದುಕೊಂಡಳು. “ನಾಟಿ ಮುಗೀಲಿ ಕಣವ್ವ. ನೋಡ್ಮಾ.”

ಡ್ರಮ್ಮು ಗುರ್ ಅಂದಿತು. ಕ್ಲೀನರು ಬೀಡಿ ಬಿಸಾಕಿ ಹಾರಿ ನಿಂತ. ಮಗುವಿನ ಕಾಲು ಅವಳ ಕೈಯಿಂದ ಜಾರಿತು.

ಆ ಮಳೆಗಾಲ ನಾನು ಮಗುವನ್ನು ಮಡಿಲಿಗೆ ಕಟ್ಟಿಕೊಂಡೇ ಬೆಣ್ಣೆಗೆ ಹೋದೆ. ಮನೆಗೆ ಬಂದರೆ ಹೊಳೆಯುವ ಪಾತ್ರೆಗಳು. ಎತ್ತಿ ಇಡುವವರು ಇಲ್ಲದೆ ಸದ್ದಿಲ್ಲ. ಮಗುವಿಗೆ ನೀರು ಹಾಕುವಾಗ ಅತ್ತೆಯ ಮಾತುಗಳನ್ನೇ ಅವಳ ದನಿಯಲ್ಲೇ ಹೇಳುತ್ತಿದ್ದೆ, ಯಾರೋ ಒಬ್ಬರು ಮಾತಾಡಿದ ಹಾಗಾಗಲಿ ಅಂತ. ನಾಟಿ ಮುಗಿದ ಮೇಲೆ ಕಳೆ ಬಂತು, ಕಳೆಯಾದ ಮೇಲೆ ಕೊಯ್ಲು. ಅತ್ತೆ ಬಂದದ್ದು ಕಣದ ಕೆಲಸ ತೀರಿದ ಮೇಲೆ, ಒಂದು ದಿನದ ಮಟ್ಟಿಗೆ. ಮಗು ಅಷ್ಟು ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತಿತ್ತು. ಅವಳನ್ನು ಕಂಡು ಹೊಸಬರು ಅಂತ ಅತ್ತಿತು. ಅತ್ತೆ ನಕ್ಕು, ಮಗುವಿಗೆ ಕಾಣದ ಹಾಗೆ ಬಾಗಿಲ ಮರೆಯಲ್ಲಿ ಕೂತು ಉಂಡಳು.

ಓದುವವರಿಗೆ, ಮುಖ್ಯವಾಗಿ ಮನೆಯಲ್ಲಿ ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ, ನಾನು ಹೇಳುವುದು ಇಷ್ಟು. ವೈನು ಇಡುವುದಾದರೆ ಕುಡಿಯುವವರನ್ನು ಕೇಳಿ ಇಡಿ; ನೀವೇ ಊಹೆ ಮಾಡಿ ತರಬೇಡಿ. ಒಂದು ಬಾಟ್ಲಿ ತಂದು, ಅದು ಮುಗಿದ ಮೇಲೆ ಇನ್ನೊಂದು ತನ್ನಿ. ಬಿರಡೆ ತೆಗೆಸಿ ನೋಡಬೇಡಿ. ಮಾರುವವನ ಮೇಲೆ ಅನುಮಾನವಿದ್ದರೆ ಕೊಳ್ಳಲೇಬೇಡಿ. ಒಲೆಯ ಹತ್ತಿರ ಬೇಡ. ಕುಡಿಯುವ ನೀರಿನ ಮಡಕೆಯ ಪಕ್ಕ, ತಂಪಿನಲ್ಲಿ, ಕತ್ತಲಲ್ಲಿ ಮಲಗಿಸಿ. ಹಾಲೂಡುವ ತಾಯಿಗೆ ಅದು ಬೇಡ ಅಂತ ಈಗಿನ ಡಾಕ್ಟರುಗಳು ಹೇಳುತ್ತಾರೆ. ಅವರ ಮಾತು ಕೇಳಿ, ನನ್ನ ಕಾಲದ್ದನ್ನು ಹಿಡಿಯಬೇಡಿ.

ಇನ್ನು ಬಾಣಂತನಕ್ಕೆ ಯಾರನ್ನಾದರೂ ಕರೆಯುವಾಗ, ಎಷ್ಟು ದಿನ ಬೇಕು ಅನ್ನುವುದನ್ನು ನೀವೇ ಮೊದಲು ಹೇಳಿ. ನಾಚಿಕೊಳ್ಳಬೇಡಿ, ಎರಡು ದಿನ ಹೆಚ್ಚೇ ಹೇಳಿ. ಅವರು ಯಾವ ಕೆಲಸ ಬಿಟ್ಟು ಬರುತ್ತಾರೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ಅವರು ಬೇಸಾಯದವರಾದರೆ, ಮದುವೆಯಾದ ವರ್ಷವೇ ನಾಟಿಯ ಹೊತ್ತಿಗೆ ಸೀರೆ ಎತ್ತಿ ಕಟ್ಟಿಕೊಂಡು ಅವರ ಊರಿಗೆ ಹೋಗಿ, ಅವರ ಕೇರಿಯವರ ಗದ್ದೆಗಳಲ್ಲಿ ನಾಲ್ಕು ದಿನ ಅವರ ಹೆಸರಿನಲ್ಲಿ ಬಗ್ಗಿ ಬನ್ನಿ. ಬಸುರಾದ ಮೇಲೆ ಬಗ್ಗುವುದಕ್ಕೆ ಆಗುವುದಿಲ್ಲ.